ಹವ್ಯಾಸಿ ಧೂಮಕೇತು ವೀಕ್ಷಣೆ

ಹವ್ಯಾಸಿ ಧೂಮಕೇತು ವೀಕ್ಷಣೆ ಎಂದರೆ ವೃತ್ತಿಯಿಂದ ಖಗೋಳವಿಜ್ಞಾನಿಗಳಲ್ಲದವರು ಬರಿಗಣ್ಣಿನಿಂದಲೋ, ಬೈನಾಕ್ಯುಲರ್ ಅಥವಾ ಸಣ್ಣ ದೂರದರ್ಶಕದಿಂದಲೋ ಧೂಮಕೇತುಗಳನ್ನು ಹುಡುಕಿ, ಗುರುತಿಸಿ, ದಾಖಲಿಸುವ ಕ್ರಮ. ಖಗೋಳವಿಜ್ಞಾನದ ಕೆಲವೇ ಶಾಖೆಗಳಲ್ಲಿ ಹವ್ಯಾಸಿಗಳ ಪಾತ್ರ ಇಂದಿಗೂ ಗಣನೀಯವಾಗಿ ಉಳಿದಿದ್ದು, ಅವುಗಳಲ್ಲಿ ಇದೂ ಒಂದು. ಈ ಲೇಖನದಲ್ಲಿ ವೀಕ್ಷಣೆಯ ಸಾಮಾನ್ಯ ವಿಧಾನವನ್ನು, ಕರ್ನಾಟಕದ ಬಯಲುಸೀಮೆಗೆ ಸೇರಿದ ದಾವಣಗೆರೆ ಜಿಲ್ಲೆಯ ಜಗಳೂರನ್ನು ನಿದರ್ಶನವಾಗಿ ಇಟ್ಟುಕೊಂಡು ವಿವರಿಸಲಾಗಿದೆ.

ಹೆಸರು

ಸಂಸ್ಕೃತದಲ್ಲಿ 'ಧೂಮ' ಎಂದರೆ ಹೊಗೆ, 'ಕೇತು' ಎಂದರೆ ಬಾವುಟ. ಹೊಗೆಯ ಬಾವುಟದಂತೆ ಕಾಣುವುದರಿಂದ ಧೂಮಕೇತು ಎಂಬ ಹೆಸರು ಬಂದಿದೆ. ಅಚ್ಚಗನ್ನಡದಲ್ಲಿ ಇದನ್ನು ಬಾಲಚುಕ್ಕಿ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ 'ಕೂದಲುಳ್ಳದ್ದು' ಎಂಬ ಅರ್ಥದ ಪದವೇ ಐರೋಪ್ಯ ಭಾಷೆಗಳಲ್ಲಿ 'ಕಾಮೆಟ್' ಎಂದಾಯಿತು. ಗಣಪತಿಯ ಹದಿನಾರು ನಾಮಗಳಲ್ಲಿ ಧೂಮಕೇತು ಎಂಬುದೂ ಒಂದು. ಒಂದೇ ಪದವು ಮಂಗಳನಾಮವಾಗಿಯೂ ಅಪಶಕುನದ ಹೆಸರಾಗಿಯೂ ಬಳಕೆಯಲ್ಲಿರುವುದು ಗಮನಾರ್ಹ.

ಸ್ವರೂಪ

ಧೂಮಕೇತುವಿನ ನಡುವೆ ಹಿಮ, ಧೂಳು ಮತ್ತು ಶಿಲಾಕಣಗಳಿಂದಾದ ಬೀಜಭಾಗವಿರುತ್ತದೆ. ಇದನ್ನು 'ಕೊಳಕು ಹಿಮದುಂಡೆ' ಎಂದು ಕಲ್ಪಿಸಿದ ಮಾದರಿಯನ್ನು ಅಮೆರಿಕದ ಫ್ರೆಡ್ ವಿಪಲ್ 1950ರಲ್ಲಿ ಮಂಡಿಸಿದರು. 1986ರ ಮಾರ್ಚ್ 14ರಂದು ಹ್ಯಾಲಿ ಧೂಮಕೇತುವಿನ ಸಮೀಪ ಹಾದುಹೋದ ಐರೋಪ್ಯ ನೌಕೆ ಜ್ಯೊಟ್ಟೊ ಕಳುಹಿಸಿದ ಚಿತ್ರಗಳಿಂದ, ಆ ಬೀಜಭಾಗ ಸುಮಾರು 15 ಕಿ.ಮೀ. ಉದ್ದ ಮತ್ತು 8 ಕಿ.ಮೀ. ಅಗಲವಿರುವುದು ತಿಳಿಯಿತು. ಒಂದು ಹೋಬಳಿಯಷ್ಟು ವಿಸ್ತಾರದ ಈ ವಸ್ತುವೇ ಕೋಟಿಗಟ್ಟಲೆ ಕಿಲೋಮೀಟರ್ ಉದ್ದದ ಬಾಲಕ್ಕೆ ಮೂಲ.

ಸೂರ್ಯನನ್ನು ಸಮೀಪಿಸಿದಂತೆ ಹಿಮವು ದ್ರವವಾಗದೆ ನೇರವಾಗಿ ಆವಿಯಾಗುತ್ತದೆ. ಆವಿಯೊಡನೆ ಹೊರಬೀಳುವ ಧೂಳು ಬೀಜಭಾಗದ ಸುತ್ತ ಮಸುಕಾದ ತಲೆಯನ್ನು ರಚಿಸುತ್ತದೆ. ಬಾಲಗಳಲ್ಲಿ ಎರಡು ಬಗೆ. ಸೂರ್ಯನ ಬೆಳಕಿನ ಒತ್ತಡದಿಂದ ಹಿಂದೆ ಸರಿದು ಬಾಗಿದಂತೆ ಕಾಣುವ ಹಳದಿ ಛಾಯೆಯದು ಧೂಳಿನ ಬಾಲ. ಸೌರಮಾರುತದ ತಳ್ಳುವಿಕೆಯಿಂದ ನೇರವಾಗಿ ಚಾಚಿಕೊಳ್ಳುವ ನೀಲಿ ಛಾಯೆಯದು ಅಯಾನು ಬಾಲ. ಬಾಲವು ಸದಾ ಸೂರ್ಯನಿಗೆ ವಿಮುಖವಾಗಿರುತ್ತದೆ. ಆದ್ದರಿಂದ ಸಂಜೆ ಪಶ್ಚಿಮದಲ್ಲಿಯಾಗಲಿ ಮುಂಜಾನೆ ಪೂರ್ವದಲ್ಲಿಯಾಗಲಿ ಧೂಮಕೇತುವಿನ ತಲೆ ಕೆಳಗೂ ಬಾಲ ಮೇಲಕ್ಕೂ ಇರುವಂತೆ ಕಾಣುವುದೇ ಸಾಮಾನ್ಯ.

ಧೂಮಕೇತು ಉಲ್ಕೆಯಂತೆ ಕ್ಷಣಮಾತ್ರದಲ್ಲಿ ಸರ್ರನೆ ಜಾರಿ ಮರೆಯಾಗುವುದಿಲ್ಲ. ಅದು ನಕ್ಷತ್ರಗಳೊಡನೆಯೇ ಮೂಡಿ, ಅವುಗಳೊಡನೆಯೇ ಮುಳುಗುತ್ತದೆ. ನಕ್ಷತ್ರಗಳ ಹಿನ್ನೆಲೆಯಲ್ಲಿ ಅದರ ಸ್ವಂತ ಚಲನೆ ಗಂಟೆಗಳ ಅಥವಾ ದಿನಗಳ ಅಂತರದಲ್ಲಿ ಮಾತ್ರ ತಿಳಿಯುತ್ತದೆ. ಮೊದಲ ಬಾರಿಗೆ ನೋಡುವವರು ನಿರಾಶರಾಗಲು ಈ ವ್ಯತ್ಯಾಸವನ್ನು ಅರಿಯದಿರುವುದು ಒಂದು ಮುಖ್ಯ ಕಾರಣ.

ಇತಿಹಾಸ

ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಕೇತುಗಳಿಗಾಗಿಯೇ ಒಂದು ಅಧ್ಯಾಯ ಮೀಸಲಾಗಿದೆ. ಕೇತುಗಳು ನೂರೊಂದು ಎಂದು ಕೆಲವರೂ ಸಾವಿರ ಎಂದು ಇನ್ನು ಕೆಲವರೂ ಹೇಳುತ್ತಾರೆಂದೂ, ಒಂದೇ ಕೇತು ಹಲವು ರೂಪ ತಾಳುತ್ತದೆಂಬುದು ನಾರದನ ಮತವೆಂದೂ ಅಲ್ಲಿ ಹೇಳಿದೆ. ಕೇತುಗಳ ಉದಯಾಸ್ತಗಳನ್ನು ಗಣಿತದಿಂದ ತಿಳಿಯಲು ಬಾರದು ಎಂಬ ಒಪ್ಪಿಗೆಯೂ ಅಲ್ಲಿದೆ. ಗ್ರಹಣವನ್ನು ಮುಂಚಿತವಾಗಿ ಹೇಳಬಲ್ಲವರಾಗಿದ್ದ ಪ್ರಾಚೀನರಿಗೆ ಧೂಮಕೇತು ಉತ್ಪಾತವಾಗಿ ತೋರಲು ಈ ಅನಿಶ್ಚಿತತೆಯೇ ಕಾರಣವಾಗಿರಬೇಕು.

ಈ ಸ್ಥಿತಿ ಬದಲಾದದ್ದು 1705ರಲ್ಲಿ. 1531, 1607 ಮತ್ತು 1682ರಲ್ಲಿ ಕಂಡ ಧೂಮಕೇತುಗಳ ಪಥಗಳು ಒಂದನ್ನೊಂದು ಹೋಲುವುದನ್ನು ಗಮನಿಸಿದ ಇಂಗ್ಲೆಂಡಿನ ಎಡ್ಮಂಡ್ ಹ್ಯಾಲಿ, ಅವು ಮೂರೂ ಒಂದೇ ಎಂದೂ ಅದು 1758ರ ಸುಮಾರಿಗೆ ಮರಳುವುದೆಂದೂ ಲೆಕ್ಕ ಹಾಕಿದರು. ಆ ವೇಳೆಗೆ ಹ್ಯಾಲಿ ತೀರಿಕೊಂಡಿದ್ದರು. 1758ರ ಡಿಸೆಂಬರ್ 25ರ ರಾತ್ರಿ ಮರಳಿ ಬಂದ ಧೂಮಕೇತುವನ್ನು ಮೊದಲು ಕಂಡವನು ಜರ್ಮನಿಯ ಡ್ರೆಸ್ಡೆನ್ ಬಳಿಯ ಒಬ್ಬ ರೈತ, ಯೊಹಾನ್ ಗಿಯೊರ್ಗ್ ಪಾಲಿಚ್. ಬೇಸಾಯದ ನಡುವೆ ತಾನೇ ಓದಿಕೊಂಡು ಖಗೋಳವನ್ನು ಕಲಿತಿದ್ದ ಆತನನ್ನು ಹವ್ಯಾಸಿ ವೀಕ್ಷಕರ ಹಿರಿಯನೆಂದು ಹೇಳಬಹುದು.

ಭಾರತದಲ್ಲಿ ದೂರದರ್ಶಕದ ಮೂಲಕ ನಡೆದ ಆರಂಭಿಕ ವೀಕ್ಷಣೆಗಳಲ್ಲಿ ಒಂದು ಧೂಮಕೇತುವಿಗೇ ಸಂಬಂಧಿಸಿದೆ. 1689ರ ಡಿಸೆಂಬರಿನಲ್ಲಿ ಪುದುಚೇರಿಯಲ್ಲಿ ಧೂಮಕೇತುವನ್ನು ನೋಡುತ್ತಿದ್ದ ಫ್ರೆಂಚ್ ಪಾದ್ರಿ ಜ್ಯಾನ್ ರಿಶೋ, ಕಿನ್ನರ ಮಂಡಲದ ಅತ್ಯಂತ ಪ್ರಕಾಶಮಾನ ನಕ್ಷತ್ರವು ವಾಸ್ತವವಾಗಿ ಅವಳಿ ಎಂಬುದನ್ನು ಕಂಡುಕೊಂಡರು.

1949ರ ಜುಲೈಯಲ್ಲಿ, ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದ ವೇಣು ಬಾಪು ತಾವು ತೆಗೆದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೂ ಸೇರಿ ಅದು ಬಾಪು–ಬಾಕ್–ನ್ಯೂಕರ್ಕ್ ಧೂಮಕೇತು ಎನಿಸಿತು. ಮುಂದೆ ಬಾಪು ಅವರು ಬೆಂಗಳೂರಿನ ಭಾರತೀಯ ತಾರಾಭೌತ ಸಂಸ್ಥೆಯ ಸ್ಥಾಪಕ ನಿರ್ದೇಶಕರಾದರು. ಆ ಸಂಸ್ಥೆಗೆ ಸೇರಿದ, ತಮಿಳುನಾಡಿನ ಕಾವಲೂರಿನಲ್ಲಿರುವ ವೀಕ್ಷಣಾಲಯಕ್ಕೂ ಅಲ್ಲಿಯ 2.34 ಮೀಟರ್ ವ್ಯಾಸದ ದೂರದರ್ಶಕಕ್ಕೂ 1986ರಲ್ಲಿ ಅವರ ಹೆಸರನ್ನಿಡಲಾಯಿತು.

ಹೆಸರಿಡುವ ಕ್ರಮ

ಹೊಸ ಧೂಮಕೇತುವಿಗೆ ಕಂಡುಹಿಡಿದವರ ಅಥವಾ ಕಂಡುಹಿಡಿದ ಯೋಜನೆಯ ಹೆಸರನ್ನೂ ಒಂದು ಸಂಕೇತವನ್ನೂ ನೀಡಲಾಗುತ್ತದೆ. ಉದಾಹರಣೆಗೆ ಸಿ/2023 ಎ3 ಎಂಬಲ್ಲಿ 'ಸಿ' ಎಂದರೆ ಅಲ್ಪಾವಧಿಯಲ್ಲಿ ಮರಳದ ಧೂಮಕೇತು, 2023 ಎಂದರೆ ಕಂಡ ವರ್ಷ, 'ಎ' ಎಂದರೆ ಜನವರಿಯ ಮೊದಲ ಅರ್ಧ, 3 ಎಂದರೆ ಆ ಪಕ್ಷದಲ್ಲಿ ದಾಖಲಾದ ಮೂರನೆಯದು. ನಿಯತವಾಗಿ ಮರಳುವ ಧೂಮಕೇತುಗಳಿಗೆ 'ಪಿ' ಅಕ್ಷರ ಬಳಕೆಯಲ್ಲಿದ್ದು, ಹ್ಯಾಲಿಯ ಸಂಕೇತ 1ಪಿ.

ಜಗಳೂರಿನ ಆಕಾಶ

ಜಗಳೂರು ಉತ್ತರ ಅಕ್ಷಾಂಶ ಸುಮಾರು 14.5 ಡಿಗ್ರಿಯಲ್ಲಿದೆ. ಧ್ರುವನಕ್ಷತ್ರವು ಇಲ್ಲಿ ಉತ್ತರ ದಿಗಂತದಿಂದ ಅಷ್ಟೇ ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಇದರಿಂದ ಆಕಾಶದ ದಕ್ಷಿಣ ಭಾಗದ ಬಹುಪಾಲು ಇಲ್ಲಿಯ ವೀಕ್ಷಕರಿಗೆ ತೆರೆದಿರುತ್ತದೆ. 1986ರ ಏಪ್ರಿಲ್ ಎರಡನೆಯ ವಾರದಲ್ಲಿ ಹ್ಯಾಲಿ ಧೂಮಕೇತು ದಕ್ಷಿಣಕ್ಕೆ ಬಹಳ ಸರಿದಾಗ, ಅದು ಲಂಡನ್ನಿನವರ ದಿಗಂತದ ಮೇಲೆ ಏರಲೇ ಇಲ್ಲ. ಈ ಅಕ್ಷಾಂಶದಲ್ಲಿ ಮಾತ್ರ ಅದು ದಕ್ಷಿಣ ದಿಗಂತದಿಂದ ಸುಮಾರು 28 ಡಿಗ್ರಿ ಎತ್ತರಕ್ಕೆ ಬರುತ್ತಿತ್ತು.

ಉಷ್ಣವಲಯದ ಇನ್ನೊಂದು ಅನುಕೂಲವೆಂದರೆ ಸಂಧ್ಯೆಯ ಅವಧಿ ಚಿಕ್ಕದು. ಸೂರ್ಯನು ಇಲ್ಲಿ ದಿಗಂತಕ್ಕೆ ಹೆಚ್ಚುಕಡಿಮೆ ನೇರವಾಗಿ ಇಳಿಯುವುದರಿಂದ ಮುಳುಗಿದ ಸುಮಾರು 75 ನಿಮಿಷಗಳಲ್ಲಿ ಪೂರ್ಣ ಕತ್ತಲಾಗುತ್ತದೆ. ಸೂರ್ಯನ ಸಮೀಪದಲ್ಲಿರುವ ಧೂಮಕೇತುಗಳನ್ನು ನೋಡಲು ಇದು ಸಹಾಯಕ.

ಜಗಳೂರು ತಾಲ್ಲೂಕು ಮಳೆ ಕಡಿಮೆಯಾದ, ಮತ್ತೆ ಮತ್ತೆ ಬರಕ್ಕೆ ತುತ್ತಾಗುವ ಪ್ರದೇಶ. ರೈತನಿಗೆ ಸಂಕಟ ತರುವ ನಿರ್ಮಲ ಆಕಾಶವೇ ನಕ್ಷತ್ರ ವೀಕ್ಷಕನಿಗೆ ಒದಗುವ ಅವಕಾಶವಾಗಿದೆ. ನವೆಂಬರಿನಿಂದ ಫೆಬ್ರವರಿಯವರೆಗೆ ಆಕಾಶ ಉತ್ತಮವಾಗಿರುತ್ತದೆ. ಬೇಸಿಗೆಯಲ್ಲಿ ಧೂಳು ದಿಗಂತವನ್ನು ಮಸುಕುಗೊಳಿಸುತ್ತದೆ. ಜೂನ್‌ನಿಂದ ಅಕ್ಟೋಬರ್‌ವರೆಗೆ ಮುಂಗಾರು ಮತ್ತು ಹಿಂಗಾರಿನ ಮೋಡಗಳ ನಡುವಣ ಬಿಡುವನ್ನೇ ಕಾಯಬೇಕಾಗುತ್ತದೆ.

ಪಟ್ಟಣದ ಪಶ್ಚಿಮಕ್ಕೆ ದಾವಣಗೆರೆ, ದಕ್ಷಿಣಕ್ಕೆ ಚಿತ್ರದುರ್ಗ ನಗರಗಳಿವೆ. ನಗರಗಳ ಬೆಳಕು ಆ ದಿಕ್ಕುಗಳ ದಿಗಂತವನ್ನು ತೊಳೆಯುವುದರಿಂದ, ಸಂಜೆಯ ಧೂಮಕೇತುಗಳಿಗಿಂತ ಪೂರ್ವದಲ್ಲಿ ಮೂಡುವ ಮುಂಜಾನೆಯ ಧೂಮಕೇತುಗಳು ಇಲ್ಲಿ ಹೆಚ್ಚು ಸ್ಪಷ್ಟವಾಗಿ ಕಾಣಬಹುದು. ಬೀದಿದೀಪಗಳಿಂದ ಎರಡು ಮೂರು ಕಿಲೋಮೀಟರ್ ದೂರದ ಹೊಲವೋ ಕೆರೆಯ ಏರಿಯೋ ವೀಕ್ಷಣೆಗೆ ಸಾಕು.

ವೀಕ್ಷಣೆಯ ಕಾಲ

ಮಸುಕಾದ ಧೂಮಕೇತುವಿಗೆ ಬೆಳದಿಂಗಳೇ ದೊಡ್ಡ ಅಡ್ಡಿ. ಈ ವಿಷಯದಲ್ಲಿ ಮನೆಮನೆಯಲ್ಲೂ ಇರುವ ಪಂಚಾಂಗ ಅಥವಾ ಗೋಡೆಯ ಕ್ಯಾಲೆಂಡರ್ ಅತ್ಯುತ್ತಮ ಮಾರ್ಗದರ್ಶಿ. ಹುಣ್ಣಿಮೆಯ ಬಳಿಕ ಚಂದ್ರೋದಯವು ದಿನಕ್ಕೆ ಸರಾಸರಿ 50 ನಿಮಿಷ ತಡವಾಗುತ್ತದೆ. ಆದ್ದರಿಂದ ಸಂಜೆಯ ಆಕಾಶದಲ್ಲಿರುವ ಧೂಮಕೇತುವನ್ನು ಬಹುಳ ಚೌತಿ ಅಥವಾ ಪಂಚಮಿಯಿಂದ ಅಮಾವಾಸ್ಯೆ ಕಳೆದು ಶುದ್ಧ ತದಿಗೆಯವರೆಗೆ ಚಂದ್ರನ ಬಾಧೆಯಿಲ್ಲದೆ ನೋಡಬಹುದು. ಮುಂಜಾನೆಯ ಧೂಮಕೇತುವಿಗೆ ಅಮಾವಾಸ್ಯೆಯ ಆಸುಪಾಸಿನಿಂದ ಶುದ್ಧ ದಶಮಿಯವರೆಗಿನ ಅವಧಿ ಒಳ್ಳೆಯದು, ಏಕೆಂದರೆ ಆ ದಿನಗಳಲ್ಲಿ ಚಂದ್ರ ಬೆಳಗಿನ ಜಾವಕ್ಕೆ ಮೊದಲೇ ಮುಳುಗಿರುತ್ತಾನೆ.

ಉಪಕರಣಗಳು

ಆರಂಭದಲ್ಲಿ ದೂರದರ್ಶಕ ಅನಿವಾರ್ಯವಲ್ಲ. 7×50 ಅಥವಾ 10×50 ಅಳತೆಯ ಬೈನಾಕ್ಯುಲರ್ ಸಾಕು. ಇಲ್ಲಿ ಮೊದಲ ಸಂಖ್ಯೆ ವರ್ಧನೆಯನ್ನೂ ಎರಡನೆಯದು ಮುಂಗಾಜಿನ ವ್ಯಾಸವನ್ನು ಮಿಲಿಮೀಟರಿನಲ್ಲಿಯೂ ಸೂಚಿಸುತ್ತದೆ. ಧೂಮಕೇತುವಿನ ಬೆಳಕು ಚದುರಿದ್ದಾದ್ದರಿಂದ ಅತಿಯಾದ ವರ್ಧನೆ ಅದನ್ನು ಇನ್ನಷ್ಟು ಮಸುಕಾಗಿಸುತ್ತದೆ. ಜಪಾನಿನ ಯೂಜಿ ಹ್ಯಾಕುಟಾಕೆ 1996ರ ಜನವರಿಯ ಕೊನೆಯಲ್ಲಿ ತಮ್ಮ ಹೆಸರಿನ ಧೂಮಕೇತುವನ್ನು ಕಂಡದ್ದು ದೊಡ್ಡ ಬೈನಾಕ್ಯುಲರಿನಿಂದಲೇ. ಹೇಲ್–ಬಾಪ್ ಧೂಮಕೇತುವನ್ನು 1995ರ ಜುಲೈ 23ರಂದು ಕಂಡ ಇಬ್ಬರಲ್ಲಿ ಒಬ್ಬರಾದ ಥಾಮಸ್ ಬಾಪ್ ಅವರ ಬಳಿ ಸ್ವಂತ ದೂರದರ್ಶಕವಿರಲಿಲ್ಲ. ಅವರು ನೋಡುತ್ತಿದ್ದುದು ಗೆಳೆಯರೊಬ್ಬರ ದೂರದರ್ಶಕದಲ್ಲಿ.

ಬೈನಾಕ್ಯುಲರ್ ಜೊತೆಗೆ ನಕ್ಷತ್ರಪಟ, ಗಾಜಿಗೆ ಕೆಂಪು ಕಾಗದ ಸುತ್ತಿದ ಟಾರ್ಚು, ಪೆನ್ಸಿಲು, ನೋಟ್‌ಪುಸ್ತಕ ಇವಿಷ್ಟು ಇದ್ದರೆ ಸಿದ್ಧತೆ ಪೂರ್ಣ. ಮೊಬೈಲ್ ಫೋನನ್ನು ಅಲುಗದಂತೆ ಕಲ್ಲಿಗೋ ಸ್ಟ್ಯಾಂಡಿಗೋ ಆನಿಸಿ ಕೆಲವು ಸೆಕೆಂಡುಗಳ ಕಾಲ ಬೆಳಕನ್ನು ಹಿಡಿಯುವಂತೆ ಮಾಡಿದರೆ, ಕಣ್ಣಿಗೆ ಕಾಣದ ಬಾಲವೂ ಚಿತ್ರದಲ್ಲಿ ಮೂಡುವುದುಂಟು.

ಹುಡುಕುವ ವಿಧಾನ

ಮೊದಲು ಕಣ್ಣು ಕತ್ತಲೆಗೆ ಹೊಂದಿಕೊಳ್ಳಬೇಕು. ಇದಕ್ಕೆ 20ರಿಂದ 30 ನಿಮಿಷ ಬೇಕು. ಒಮ್ಮೆ ಮೊಬೈಲಿನ ಬಿಳಿ ಪರದೆಯನ್ನು ನೋಡಿದರೆ ಆ ಕಾಯುವಿಕೆಯೆಲ್ಲ ವ್ಯರ್ಥವಾಗುತ್ತದೆ.

ಆಕಾಶದ ಕೋನಗಳನ್ನು ಅಳೆಯಲು ಕೈಯೇ ಸಾಕು. ತೋಳನ್ನು ಪೂರ್ತಿ ಚಾಚಿ ಹಿಡಿದಾಗ ಕಿರುಬೆರಳಿನ ಅಗಲ ಸುಮಾರು 1 ಡಿಗ್ರಿ, ಬಿಗಿದ ಮುಷ್ಟಿ ಸುಮಾರು 10 ಡಿಗ್ರಿ, ಅಗಲಿಸಿದ ಗೇಣು ಸುಮಾರು 20 ಡಿಗ್ರಿ. ಮಕ್ಕಳ ಕೈ ಚಿಕ್ಕದಾದರೂ ತೋಳೂ ಅದಕ್ಕೆ ತಕ್ಕಷ್ಟು ಗಿಡ್ಡವಿರುವುದರಿಂದ ಅಳತೆ ಹೆಚ್ಚುಕಡಿಮೆ ಅದೇ ಬರುತ್ತದೆ. ಜಗಳೂರಿನಲ್ಲಿ ಧ್ರುವನಕ್ಷತ್ರ ದಿಗಂತದಿಂದ ಒಂದೂವರೆ ಮುಷ್ಟಿ ಎತ್ತರದಲ್ಲಿರುವುದನ್ನು ನೋಡಿ ಈ ಅಳತೆಯನ್ನು ಯಾರಾದರೂ ಪರೀಕ್ಷಿಸಿಕೊಳ್ಳಬಹುದು.

ಪ್ರಕಟಿತ ಸ್ಥಾನದ ಸಮೀಪದ ಪರಿಚಿತ ನಕ್ಷತ್ರದಿಂದ ಆರಂಭಿಸಿ, ಬೈನಾಕ್ಯುಲರನ್ನು ದಿಗಂತಕ್ಕೆ ಸಮಾನಾಂತರವಾಗಿ ನಿಧಾನವಾಗಿ ಸರಿಸಬೇಕು. ಒಂದು ಸಾಲು ಮುಗಿದ ಬಳಿಕ ಅರ್ಧ ನೋಟದಷ್ಟು ಮೇಲಕ್ಕೋ ಕೆಳಕ್ಕೋ ಸರಿದು ಮತ್ತೆ ಮುಂದುವರಿಸಬೇಕು. ಕ್ರಮ ಹೊಲ ಉಳುವವನ ಸಾಲಿನಂತೆಯೇ: ಎಲ್ಲಿಯೂ ಎಡೆ ಬಿಡಬಾರದು. ಮಸುಕಾದ ವಸ್ತುವನ್ನು ನೇರವಾಗಿ ದಿಟ್ಟಿಸದೆ ಅದರ ಪಕ್ಕಕ್ಕೆ ದೃಷ್ಟಿಯಿಟ್ಟು ಓರೆನೋಟದಿಂದ ನೋಡಿದರೆ ಹೆಚ್ಚು ಚೆನ್ನಾಗಿ ಕಾಣುತ್ತದೆ. ಕಣ್ಣಿನ ಅಕ್ಷಿಪಟಲದ ನಡುಭಾಗಕ್ಕಿಂತ ಅದರ ಸುತ್ತಲಿನ ಭಾಗ ಮಂದ ಬೆಳಕಿಗೆ ಹೆಚ್ಚು ಸಂವೇದಿ ಎಂಬುದು ಇದಕ್ಕೆ ಕಾರಣ.

ಪತ್ರಿಕೆಗಳಲ್ಲಿ ಪ್ರಕಟವಾಗುವ ಕಾಂತಿಮಾನವನ್ನು ಎಚ್ಚರಿಕೆಯಿಂದ ಗ್ರಹಿಸಬೇಕು. ಸಂಖ್ಯೆ ಹೆಚ್ಚಿದಂತೆ ಪ್ರಕಾಶ ಕಡಿಮೆ. ಕತ್ತಲ ಆಕಾಶದಲ್ಲಿ ಬರಿಗಣ್ಣಿನ ಮಿತಿ ಸುಮಾರು 6. ಆದರೆ ಕಾಂತಿಮಾನ 4 ಎಂದು ಹೇಳಿದ ಧೂಮಕೇತು ಅದೇ ಕಾಂತಿಮಾನದ ನಕ್ಷತ್ರದಷ್ಟು ಸುಲಭವಾಗಿ ಕಾಣದು. ನಕ್ಷತ್ರದ ಬೆಳಕು ಒಂದು ಬಿಂದುವಿನಲ್ಲಿದ್ದರೆ ಧೂಮಕೇತುವಿನದು ವಿಸ್ತಾರವಾಗಿ ಹರಡಿರುತ್ತದೆ.

ತಪ್ಪು ಗುರುತುಗಳು

ಬೈನಾಕ್ಯುಲರಿನಲ್ಲಿ ಮಂಜಿನ ಉಂಡೆಯಂತೆ ಕಾಣುವುದೆಲ್ಲವೂ ಧೂಮಕೇತುವಲ್ಲ. ದೇವಯಾನಿ ಬ್ರಹ್ಮಾಂಡ, ಭೀಮ ಮಂಡಲದ ಗೋಳಗುಚ್ಛ, ಪುಷ್ಯ ನಕ್ಷತ್ರದ ಬಳಿಯ ತಾರಾಗುಚ್ಛ, ಕಿನ್ನರ ಮಂಡಲದ ಒಮೇಗಾ ಗೋಳಗುಚ್ಛ ಇವು ಹೊಸಬರನ್ನು ಮೋಸಗೊಳಿಸುತ್ತವೆ. ಫ್ರಾನ್ಸಿನ ಶಾರ್ಲ್ ಮೆಸ್ಸಿಯೆ 1758ರಲ್ಲಿ ಇಂಥದೇ ಮಸುಕು ವಸ್ತುವೊಂದನ್ನು ವೃಷಭ ಮಂಡಲದಲ್ಲಿ ಕಂಡು, ಅದು ಚಲಿಸುವುದಿಲ್ಲವೆಂದು ಖಚಿತಪಡಿಸಿಕೊಂಡ ಬಳಿಕ, ಧೂಮಕೇತುಗಳೆಂದು ಭ್ರಮೆ ಹುಟ್ಟಿಸುವ ವಸ್ತುಗಳ ಪಟ್ಟಿಯನ್ನು ತಯಾರಿಸಲು ತೊಡಗಿದರು. ಆ ಪಟ್ಟಿಯೇ ಇಂದು ನೀಹಾರಿಕೆಗಳ ಮತ್ತು ತಾರಾಗುಚ್ಛಗಳ ಪ್ರಸಿದ್ಧ ಕೈಪಿಡಿಯಾಗಿದೆ.

ಸಂಜೆಯ ಬಿಸಿಲು ಬಿದ್ದು ಹೊಳೆಯುವ ವಿಮಾನದ ಹೊಗೆಗೆರೆ, ಸಾಲಾಗಿ ಸಾಗುವ ಕೃತಕ ಉಪಗ್ರಹಗಳು ಮತ್ತು ಮಸೂರದೊಳಗಿನ ಪ್ರತಿಫಲನಗಳು ಸಹ ತಪ್ಪು ಸುದ್ದಿಗೆ ಕಾರಣವಾಗುತ್ತವೆ. ನಿರ್ಣಾಯಕ ಪರೀಕ್ಷೆ ಚಲನೆಯದು. ವಸ್ತುವಿನ ಸ್ಥಾನವನ್ನು ಸುತ್ತಲಿನ ನಾಲ್ಕೈದು ನಕ್ಷತ್ರಗಳೊಡನೆ ಚಿತ್ರಿಸಿಕೊಂಡು, ಒಂದೆರಡು ಗಂಟೆಗಳ ಬಳಿಕವೋ ಮರುದಿನವೋ ಮತ್ತೆ ನೋಡಬೇಕು. ಸ್ಥಾನ ಬದಲಾಗದಿದ್ದರೆ ಅದು ಧೂಮಕೇತುವಲ್ಲ.

ದಾಖಲೆ

ದಾಖಲೆಯಿಲ್ಲದ ವೀಕ್ಷಣೆ ನೆನಪಾಗಿ ಮಾತ್ರ ಉಳಿಯುತ್ತದೆ. ದಿನಾಂಕ, ಗಂಟೆ, ಸ್ಥಳ, ಉಪಕರಣ, ಆಕಾಶದ ಸ್ಥಿತಿ, ಕಂಡ ಮಂಡಲ, ಬಾಲದ ಉದ್ದ ಮತ್ತು ದಿಕ್ಕು ಇಷ್ಟನ್ನು ಸ್ಥಳದಲ್ಲಿಯೇ ಬರೆಯಬೇಕು. ಕಾಂತಿಮಾನವನ್ನು ಅಂದಾಜಿಸಲು ಬೈನಾಕ್ಯುಲರಿನ ನಾಭಿಯನ್ನು ತಪ್ಪಿಸಿ, ನಕ್ಷತ್ರಗಳು ಧೂಮಕೇತುವಿನಷ್ಟೇ ಅಗಲವಾಗಿ ಕಾಣುವಂತೆ ಮಾಡಿ ಹೋಲಿಸುವ ಪದ್ಧತಿಯಿದೆ. ಕಾಣದಿದ್ದರೆ 'ಕಾಣಲಿಲ್ಲ' ಎಂದು ಬರೆಯುವುದೂ ದಾಖಲೆಯೇ. ಇಲ್ಲದ್ದನ್ನು ಕಂಡೆನೆಂದು ಬರೆಯುವುದರಿಂದ ಆಗುವ ಹಾನಿ, ಇರುವುದನ್ನು ಕಾಣದೆ ಹೋಗುವುದರಿಂದ ಆಗುವುದಿಲ್ಲ.

ಇಂದು ಹೆಚ್ಚಿನ ಧೂಮಕೇತುಗಳನ್ನು ಸ್ವಯಂಚಾಲಿತ ದೂರದರ್ಶಕಗಳೇ ಕಂಡುಹಿಡಿಯುತ್ತವೆ. ಆದರೂ ಹವ್ಯಾಸಿಗಳ ದಾರಿ ಮುಚ್ಚಿಲ್ಲ. ಸೂರ್ಯನನ್ನು ವೀಕ್ಷಿಸುವ ಸೋಹೊ ನೌಕೆಯ ಚಿತ್ರಗಳಲ್ಲಿ ಪತ್ತೆಯಾದ ಧೂಮಕೇತುಗಳ ಸಂಖ್ಯೆ 2024ರ ಮಾರ್ಚಿನಲ್ಲಿ 5,000 ತಲುಪಿತು. ಅವುಗಳಲ್ಲಿ ಬಹುಪಾಲನ್ನು ಗುರುತಿಸಿದವರು ಅಂತರಜಾಲದ ಮೂಲಕ ಚಿತ್ರಗಳನ್ನು ಪರಿಶೀಲಿಸುವ ಸ್ವಯಂಸೇವಕರು.

ಇತ್ತೀಚಿನ ಪ್ರಮುಖ ಧೂಮಕೇತುಗಳು

ಹ್ಯಾಲಿ (1986): ಫೆಬ್ರವರಿ 9ರಂದು ಸೂರ್ಯನಿಗೆ ಅತಿ ಸಮೀಪ ಬಂದಾಗ ಅದು ಸೂರ್ಯನ ಆಚೆಯ ಬದಿಯಲ್ಲಿದ್ದುದರಿಂದ ಆ ದಿನಗಳಲ್ಲಿ ಕಾಣಲಿಲ್ಲ. ಏಪ್ರಿಲ್ 11ರಂದು ಭೂಮಿಯಿಂದ ಸುಮಾರು 6.3 ಕೋಟಿ ಕಿ.ಮೀ. ದೂರದಲ್ಲಿ ಹಾದುಹೋಯಿತು.

ಹ್ಯಾಕುಟಾಕೆ (1996): ಮಾರ್ಚ್ 25ರಂದು ಭೂಮಿಯಿಂದ ಸುಮಾರು 1.5 ಕೋಟಿ ಕಿ.ಮೀ. ದೂರದಲ್ಲಿತ್ತು. ಉತ್ತರದ ಆಕಾಶದಲ್ಲಿ, ಸಪ್ತರ್ಷಿಮಂಡಲದ ಬಳಿಯಿಂದ ಧ್ರುವನಕ್ಷತ್ರದ ಕಡೆಗೆ ಶೀಘ್ರವಾಗಿ ಸಾಗಿತು.

ಹೇಲ್–ಬಾಪ್ (1997): ಏಪ್ರಿಲ್ 1ರಂದು ಸೂರ್ಯನ ಸಮೀಪ ಬಂದ ಇದು ಸುಮಾರು 18 ತಿಂಗಳು ಬರಿಗಣ್ಣಿಗೆ ಗೋಚರವಾಗಿತ್ತು. ಜಗಳೂರು ತಾಲ್ಲೂಕು ಆಗ ಇನ್ನೂ ಚಿತ್ರದುರ್ಗ ಜಿಲ್ಲೆಯಲ್ಲಿತ್ತು. ದಾವಣಗೆರೆ ಜಿಲ್ಲೆ ರಚನೆಯಾದದ್ದು ಅದೇ ವರ್ಷದ ಆಗಸ್ಟಿನಲ್ಲಿ.

ನಿಯೋವೈಸ್ (2020): ಜುಲೈ 3ರಂದು ಸೂರ್ಯನನ್ನು ಸಮೀಪಿಸಿ, ಜುಲೈ ಮಧ್ಯಭಾಗದಿಂದ ಸಂಜೆ ವಾಯವ್ಯದಲ್ಲಿ ಕಾಣುವ ಸ್ಥಾನಕ್ಕೆ ಬಂದಿತು. ಕರ್ನಾಟಕದಲ್ಲಿ ಅದು ಮುಂಗಾರಿನ ಕಾಲ. ಇದು ಮರಳಿ ಬರಲು ಸುಮಾರು 6,800 ವರ್ಷಗಳು ಬೇಕು.

ತ್ಸುಚಿನ್‌ಶಾನ್–ಅಟ್ಲಾಸ್ (2024): ಸೆಪ್ಟೆಂಬರ್ 27ರಂದು ಸೂರ್ಯನನ್ನು ಸಮೀಪಿಸಿತು. ಅಕ್ಟೋಬರ್ 2ರ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಜಾನೆ ಪೂರ್ವದಲ್ಲಿಯೂ, ಭೂಮಿಗೆ ಅತಿ ಸಮೀಪ ಬಂದ ಅಕ್ಟೋಬರ್ 12ರ ವಿಜಯದಶಮಿಯ ಬಳಿಕ ಸಂಜೆ ಪಶ್ಚಿಮದಲ್ಲಿಯೂ ಇತ್ತು. ಸಂಜೆಯ ಧೂಮಕೇತುವಿಗೆ ಕೆಲವೇ ದಿನಗಳಲ್ಲಿ ಹುಣ್ಣಿಮೆಯ ಬೆಳಕು ಅಡ್ಡಿಯಾಯಿತು.

ಅನಿಶ್ಚಿತತೆ

ಧೂಮಕೇತುವಿನ ಪಥವನ್ನು ನಿಖರವಾಗಿ ಲೆಕ್ಕ ಹಾಕಬಹುದು, ಪ್ರಕಾಶವನ್ನು ಹಾಗೆ ಹೇಳಲಾಗದು. 1973ರ ಕೊಹೌಟೆಕ್ ಧೂಮಕೇತು ನಿರೀಕ್ಷಿಸಿದಷ್ಟು ಬೆಳಗಲಿಲ್ಲ. ಅಪಾರ ಪ್ರಚಾರ ಪಡೆದಿದ್ದ ಐಸಾನ್ ಧೂಮಕೇತು 2013ರ ನವೆಂಬರ್ 28ರಂದು ಸೂರ್ಯನ ಸಮೀಪ ಹಾದುಹೋಗುವಾಗ ಚೂರಾಗಿ ಕರಗಿಹೋಯಿತು. ಶಾಲೆಗಳಲ್ಲಿ ವೀಕ್ಷಣಾ ಕಾರ್ಯಕ್ರಮ ಏರ್ಪಡಿಸುವವರು ಇದನ್ನು ಮಕ್ಕಳಿಗೆ ಮೊದಲೇ ತಿಳಿಸುವುದು ಉಚಿತ. ಪತ್ರಿಕೆಯಲ್ಲಿ ಅಚ್ಚಾಗುವ ಬಣ್ಣದ ಚಿತ್ರ ದೀರ್ಘಕಾಲ ಬೆಳಕನ್ನು ಸಂಗ್ರಹಿಸಿ ತೆಗೆದದ್ದು. ಕಣ್ಣಿಗೆ ಕಾಣುವುದು ಬೂದುಬಣ್ಣದ ಒಂದು ಮಸುಕು ಗೆರೆ ಮಾತ್ರ. ಅದರ ಹಿಂದಿರುವ ದೂರವನ್ನೂ ಕಾಲವನ್ನೂ ವಿವರಿಸಿ ಹೇಳಿದಾಗ ಆ ಮಸುಕು ಗೆರೆಯೇ ಮಕ್ಕಳ ಕುತೂಹಲಕ್ಕೆ ಸಾಕಾಗುತ್ತದೆ.

ನಂಬಿಕೆ ಮತ್ತು ಭಯ

ಧೂಮಕೇತು ಕಂಡರೆ ಅರಸನಿಗೆ ಕೇಡು, ನಾಡಿಗೆ ಬರ ಅಥವಾ ರೋಗ ಎಂಬ ನಂಬಿಕೆ ಪ್ರಪಂಚದ ಬಹುತೇಕ ಸಮಾಜಗಳಲ್ಲಿತ್ತು. ವಿಜ್ಞಾನ ಬೆಳೆದ ಮೇಲೂ ಭಯ ರೂಪಾಂತರ ಹೊಂದಿ ಉಳಿಯಿತು. 1910ರ ಮೇ ತಿಂಗಳಲ್ಲಿ ಹ್ಯಾಲಿಯ ಬಾಲದ ಮೂಲಕ ಭೂಮಿ ಹಾದುಹೋಗಲಿದೆ, ಬಾಲದಲ್ಲಿ ವಿಷಾನಿಲವಿದೆ ಎಂಬ ಸುದ್ದಿ ಹಬ್ಬಿ, ಅಮೆರಿಕ ಮತ್ತು ಯೂರೋಪುಗಳಲ್ಲಿ ಭಯಗೊಂಡ ಜನರಿಗೆ 'ಧೂಮಕೇತು ಮಾತ್ರೆ'ಗಳನ್ನು ಮಾರಲಾಯಿತು. ಬಾಲದ ಸಾಂದ್ರತೆ ಎಷ್ಟು ಕಡಿಮೆಯೆಂದರೆ ಭೂಮಿಯ ವಾಯುಮಂಡಲದ ಮೇಲೆ ಯಾವ ಪರಿಣಾಮವೂ ಆಗಲಿಲ್ಲ.

ಬರ ಮತ್ತೆ ಮತ್ತೆ ಬರುವ ಸೀಮೆಯಲ್ಲಿ ಯಾವ ವರ್ಷ ಧೂಮಕೇತು ಕಂಡರೂ ಅದರ ಹಿಂದೆಯೋ ಮುಂದೆಯೋ ಒಂದು ಬರಗಾಲ ಸಿಕ್ಕೇ ಸಿಗುತ್ತದೆ. ಧೂಮಕೇತು ಕಾಣದ ವರ್ಷಗಳ ಬರಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದರಿಂದಲೇ ಇಂಥ ನಂಬಿಕೆಗಳು ಉಳಿದುಕೊಳ್ಳುತ್ತವೆ. ಈ ಬಗೆಯ ವಿಚಾರವನ್ನು ಕನ್ನಡದಲ್ಲಿ ಸರಳವಾಗಿ ಹೇಳುವ ಪರಂಪರೆಯನ್ನು ಬೆಳೆಸಿದವರಲ್ಲಿ, ಜಗಳೂರಿನಲ್ಲಿ ಜನಿಸಿದ ವಿಜ್ಞಾನ ಲೇಖಕ ಜೆ. ಆರ್. ಲಕ್ಷ್ಮಣರಾವ್ ಪ್ರಮುಖರು. ಅವರು ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ 'ಬಾಲವಿಜ್ಞಾನ' ಮಾಸಪತ್ರಿಕೆಯ ಸಂಪಾದಕರಾಗಿದ್ದರು.

ಎಚ್ಚರಿಕೆಗಳು

ಸೂರ್ಯ ದಿಗಂತದ ಮೇಲಿರುವಾಗ ಅದರ ಸಮೀಪದಲ್ಲಿ ಬೈನಾಕ್ಯುಲರ್ ಅಥವಾ ದೂರದರ್ಶಕದಿಂದ ಹುಡುಕುವುದು ಶಾಶ್ವತ ಅಂಧತ್ವಕ್ಕೆ ಕಾರಣವಾಗಬಹುದು. ಸಂಜೆಯಾದರೆ ಸೂರ್ಯ ಪೂರ್ತಿ ಮುಳುಗಿದ ಬಳಿಕವೇ ಆರಂಭಿಸಬೇಕು. ಮುಂಜಾನೆಯಾದರೆ ಸೂರ್ಯೋದಯಕ್ಕೆ ಸಾಕಷ್ಟು ಮೊದಲೇ ನಿಲ್ಲಿಸಬೇಕು. ಹೊಲಗಳಲ್ಲಿ ಕಟ್ಟೆಯಿಲ್ಲದ ಬಾವಿಗಳು, ಹಾವು ಚೇಳುಗಳು ಇರುವುದರಿಂದ ಸ್ಥಳವನ್ನು ಹಗಲಿನಲ್ಲಿಯೇ ನೋಡಿಟ್ಟುಕೊಳ್ಳಬೇಕು. ಒಬ್ಬರೇ ಹೋಗಬಾರದು. ಮನೆಯವರಿಗೂ ಹೊಲದ ಯಜಮಾನರಿಗೂ ತಿಳಿಸಿ ಹೋಗುವುದು ಕ್ಷೇಮ.

ಮುಂದಿನ ಹ್ಯಾಲಿ

ಹ್ಯಾಲಿ ಧೂಮಕೇತು 2023ರ ಡಿಸೆಂಬರ್ 9ರಂದು ತನ್ನ ಕಕ್ಷೆಯಲ್ಲಿ ಸೂರ್ಯನಿಂದ ಅತ್ಯಂತ ದೂರದ ಬಿಂದುವನ್ನು ತಲುಪಿ ಹಿಂದಿರುಗಲು ತೊಡಗಿದೆ. 2061ರ ಜುಲೈ 28ರಂದು ಅದು ಮತ್ತೆ ಸೂರ್ಯನಿಗೆ ಅತಿ ಸಮೀಪ ಬರಲಿದೆ. 1986ರಲ್ಲಿ ಹಿರಿಯರಾಗಿ ಅದನ್ನು ಕಂಡವರಲ್ಲಿ ಹೆಚ್ಚಿನವರು ಅಂದು ಇರಲಾರರು. ಇಂದು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿರುವ ಮಕ್ಕಳು ಆಗ ನಡುವಯಸ್ಸು ದಾಟುತ್ತಿರುತ್ತಾರೆ. ಆಕಾಶವನ್ನು ನೋಡುವ ಕ್ರಮವನ್ನು ಅವರಿಗೆ ಈಗಲೇ ಕಲಿಸಿಕೊಟ್ಟರೆ, ಅದನ್ನು ಗುರುತಿಸಿ ಮುಂದಿನವರಿಗೆ ತೋರಿಸುವ ಕೆಲಸ ಅವರಿಂದ ಆಗುತ್ತದೆ.